ಎಡಗಡೆ ಸೀಟು

ಮಾರ್ಚ್ ಹದಿಮೂರು, ಬುಧವಾರ, ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಗೆ ದೂರು ಬಂತು. ದೂರುದಾರರು ದಂತವೈದ್ಯರು. ಎರಡು ತಿಂಗಳ ಹಿಂದೆ ಅವರು ಕೊಂಡಿದ್ದ ನಲವತ್ತು ವರ್ಷ ದಾಟಿದ ಕೆಂಪು ಸ್ಪೋರ್ಟ್ಸ್ ಕಾರು ಮನೆಯ ಹಿಂದಿನ ಶೆಡ್ಡಿನಲ್ಲಿ ಸುಖವಾಗಿಯೇ ಇತ್ತು. ಸೋಮವಾರ ರಾತ್ರಿಯವರೆಗೂ ಇದ್ದ ಅದರ ಎಡಗಡೆ ಸೀಟು ಮಾತ್ರ ನಾಪತ್ತೆ.

"ಎರಡೇ ಸೀಟಿನ ಗಾಡಿ. ಒಂದು ಹೋದ್ರೆ ಬಹುಮತಾನೇ ಹೋಯ್ತಲ್ಲ ಸಾರ್," ಎಂದ ದಫೇದಾರ. ಠಾಣೆಯಲ್ಲಿ ಅವನ ಅಡ್ಡಹೆಸರು ರೇಡಿಯೊ. ಕಮಿಷನರಿಂದ ಹಿಡಿದು ಜೇಬುಗಳ್ಳನವರೆಗೆ ಯಾರ ದನಿಯನ್ನಾದರೂ ತೆಗೆಯಬಲ್ಲ.

ಇನ್‌ಸ್ಪೆಕ್ಟರು ನಗು ನುಂಗಿಕೊಂಡರು. "ಸೀಟು ಹೇಗಿತ್ತು ಡಾಕ್ಟ್ರೇ?"

"ಕುಸಿದು ಹೋಗಿತ್ತು. ಶುಕ್ರವಾರ ಗಾಡಿ ವರ್ಕ್‌ಶಾಪಿಗೆ ಹೋಗುತ್ತೆ, ಹೊಸ ಸೀಟು ಹಾಕಿಸೋದಿತ್ತು. ಹಳೇದನ್ನ ಬಿಸಾಕ್ತಿದ್ದೆ."

"ಮತ್ತೆ ದೂರು ಯಾಕೆ?"

"ಬಿಸಾಕೋದು ನನ್ನಿಷ್ಟ. ಕದಿಯೋದು ಅವರಿಷ್ಟ ಅಲ್ವಲ್ಲ!"

ಮಾತು ನ್ಯಾಯವಾಗಿತ್ತು. ಎಫ್‌ಐಆರ್ ದಾಖಲಾಯಿತು.

ಹನ್ನೊಂದೂ ಕಾಲಿಗೆ ಸ್ಥಳ ಪಂಚನಾಮೆ. ಶೆಡ್ಡಿಗೆ ಚಿಲಕವಷ್ಟೇ, ಬೀಗವಿಲ್ಲ. ಇನ್‌ಸ್ಪೆಕ್ಟರು ಮಂಡಿಯೂರಿ ಕಾರಿನೊಳಗೆ ಟಾರ್ಚ್ ಬಿಟ್ಟರು. ಸೀಟಿದ್ದ ಜಾಗದಲ್ಲಿ ನಾಲ್ಕು ತೂತು. ಪ್ರತಿಯೊಂದರಲ್ಲೂ ಅದರದೇ ಬೋಲ್ಟು, ವಾಷರ್ ಸಮೇತ, ಬೆರಳಿನಲ್ಲಿ ತಿರುಗಿಸಿ ಕೂರಿಸಿದ್ದು.

ಅವರು ಹಾಗೆಯೇ ಕುಳಿತುಬಿಟ್ಟರು. ಹಿತ್ತಲಿನಲ್ಲಿ ಗೋಣಿಚೀಲ ಹಾಸಿ, ಅಣ್ಣನೂ ತಾವೂ ಹಳೆಯ ಸ್ಕೂಟರನ್ನು ಬಿಚ್ಚಿ ಹರಡುತ್ತಿದ್ದ ಭಾನುವಾರಗಳು ಸೀಮೆಎಣ್ಣೆಯ ವಾಸನೆಯೊಂದಿಗೆ ಎದ್ದು ಬಂದವು. "ಬಿಚ್ಚಿದ ಬೋಲ್ಟು ಅದರ ತೂತಿಗೇ ಹಾಕೋ ಪೆದ್ದ, ಬರೋ ಭಾನುವಾರಕ್ಕೆ ಯಾವುದು ಎಲ್ಲೀದು ಅಂತ ನಿಮ್ಮಪ್ಪಂಗೂ ಗೊತ್ತಿರಲ್ಲ," ಎಂದು ಅಣ್ಣ ತಲೆಗೆ ಮೊಟಕುತ್ತಿದ್ದ, ಇಬ್ಬರಿಗೂ ಅಪ್ಪ ಒಬ್ಬನೇ ಎಂಬುದನ್ನು ಮರೆತು.

"ಕಳ್ಳ ಆಗಿದ್ರೆ ಬೋಲ್ಟು ಎಸೀತಿದ್ದ. ಗ್ಯಾರೇಜಿನವನಾಗಿದ್ರೆ ಡಬ್ಬಿಗೆ ಹಾಕ್ತಿದ್ದ. ಇದು ಮನೇಲೇ ರಿಪೇರಿ ಮಾಡೋರ ಕೈ," ಎಂದು ಎದ್ದರು. "ಡಾಕ್ಟ್ರೇ, ಮೊದಲು ಈ ಗಾಡಿ ಯಾರು ನೋಡ್ಕೋತಿದ್ರು?"

"ಹಿಂದಿನ ಓನರ್, ಒಬ್ರು ಮೇಷ್ಟ್ರು. ಎಲ್ಲಾ ಸ್ವಂತ ಕೈಯಲ್ಲೇ ಅಂತೆ. ಆದ್ರೆ ಅವರು ತೀರಿಕೊಂಡ್ರು, ಹೆಂಡತಿ ಮಾರಿದ್ರು. ಆಯಮ್ಮ ಆಗಾಗ ಫೋನ್ ಮಾಡಿ ಗಾಡಿ ಹೇಗಿದೆ ಅಂತಾರೆ."

"ಶುಕ್ರವಾರದ ವಿಷಯ ಹೇಳಿದ್ರಾ?"

"ಹೇಳಿದ್ದೆ. ಸಾರ್, ಅವರು ಎಪ್ಪತ್ತರ ಹತ್ತಿರದ ಅಜ್ಜಿ!"

ಎದುರು ಅಂಗಡಿಯ ಟೈಲರನ ಹೇಳಿಕೆ ಹನ್ನೆರಡೂವರೆಗೆ ಸಿಕ್ಕಿತು.

"ನಿನ್ನೆ ಈ ಕಡೆ ಯಾರಾದ್ರೂ ಸೀಟು ಹೊತ್ಕೊಂಡು ಹೋದ್ರಾ?"

"ಯಾರೂ ಇಲ್ಲ ಸಾರ್. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಜ್ಜಿಯೊಬ್ರು ಅಜ್ಜನ್ನ ವೀಲ್‌ಚೇರಲ್ಲಿ ತಳ್ಕೊಂಡು ಹೋದ್ರು, ಅಷ್ಟೇ. ಪಾಪ, ತಲೆ ತನಕ ಶಾಲು. ನಮಸ್ಕಾರ ಅಂದೆ. ಅಜ್ಜ ತುಟಿ ಪಿಟಕ್ ಅನ್ಲಿಲ್ಲ."

ಮೂರೂ ಇಪ್ಪತ್ತಕ್ಕೆ ಇನ್‌ಸ್ಪೆಕ್ಟರು, ರೇಡಿಯೊ ಮತ್ತು ಒಬ್ಬ ಮಹಿಳಾ ಪೇದೆ ಎರಡು ಬೀದಿ ಆಚೆಯ ಮೇಷ್ಟ್ರ ಮನೆಯ ಬಾಗಿಲು ತಟ್ಟಿದರು. ತೆರೆದ ಅಜ್ಜಿಯ ಉಗುರಂಚಿನಲ್ಲಿ ಕಪ್ಪು ಗ್ರೀಸಿನ ಗೆರೆಯಿತ್ತು.

"ಯಜಮಾನ್ರು ಎಲ್ಲಮ್ಮಾ?"

"ಹೋಗಿ ಐದು ತಿಂಗಳಾಯ್ತಪ್ಪ."

"ನಿನ್ನೆ ಹನ್ನೊಂದು ಗಂಟೆಗೆ ಅವರನ್ನ ತಳ್ಕೊಂಡು ಹೋಗ್ತಿದ್ರಂತೆ?"

ಅಜ್ಜಿ ಬಾಗಿಲಿನಿಂದ ಪಕ್ಕಕ್ಕೆ ಸರಿದರು. "ಆ ಟೈಲರ್ ನಮಸ್ಕಾರ ಅಂದಾಗ್ಲೇ ಅಂದ್ಕೊಂಡೆ. ಬನ್ನಿ."

ಕಿಟಕಿಯ ಬಳಿ ಸೀಟು ಇತ್ತು. ನಡುವೆ, ತುಸು ಬಲಕ್ಕೆ ವಾಲಿದಂತೆ, ಆಳವಾದ ತಗ್ಗು.

"ಬಿಚ್ಚಿಕೊಟ್ಟಿದ್ದು ಯಾರು?"

"ಬಿಚ್ಚಿಕೊಡೋದು ಯಾರು, ನಾನೇ. ಹಗುರ ಇದೆ."

"ಮೇಷ್ಟ್ರಲ್ವಾ ರಿಪೇರಿ ಮಾಡ್ತಿದ್ದಿದ್ದು?"

"ಅವರಾ?" ಅಜ್ಜಿ ನಕ್ಕೇಬಿಟ್ಟರು. "ಅವರಿಗೆ ಪೆನ್ನಿಗೆ ರೀಫಿಲ್ ಹಾಕೋಕೂ ಬರ್ತಿರ್ಲಿಲ್ಲ. ನಾನು ಗಾಡಿ ಕೆಳಗೆ ಮಲಗಿರ್ತಿದ್ದೆ. ಅವರು ಆ ಸೀಟಲ್ಲಿ ಕೂತು ರಿಪೇರಿ ಪುಸ್ತಕ ಓದಿ ಹೇಳೋರು. ಇಂಜಿನ್ ಸದ್ದು ಕೆಟ್ರೆ ಬಾಯಲ್ಲೇ ಮಾಡಿ ತೋರ್ಸೋರು. 'ಟಕಟಕ ಅಲ್ಲ ಕಣೇ, ಟೊಕ್... ಟೊಕ್!' ಮೂವತ್ತೆರಡು ವರ್ಷದ ಭಾನುವಾರ. ಬೀದಿಗೆಲ್ಲ ಅವರೇ ಮೆಕ್ಯಾನಿಕ್. ಆ ಹೆಸರು ಅವರಿಗೆ ಇಷ್ಟ ಇತ್ತು, ನಾನು ಸುಮ್ನಿದ್ದೆ."

"ಮತ್ತೆ ಮಾರಿದ್ಯಾಕೆ?"

"ಓದೋರಿಲ್ದೆ ಏನಂತ ಬಿಚ್ಲಿ?"

ರೇಡಿಯೊ ಕಿಟಕಿಯತ್ತ ತಿರುಗಿ ನಿಂತ.

"ಕೇಳಿದ್ರೆ ಡಾಕ್ಟ್ರು ಕೊಡ್ತಿದ್ರೇನೋ," ಎಂದರು ಇನ್‌ಸ್ಪೆಕ್ಟರು.

"ಯಾಕೆ ಅಂತ ಕೇಳೋರು. ಗಂಡ ಕೂತು ಕೂತು ಬಿದ್ದ ತಗ್ಗು ಬೇಕು ಅಂತ ಹಲ್ಲಿನ ಡಾಕ್ಟ್ರ ಹತ್ರ ಬಾಯಿ ಬಿಡ್ಲಾ?"

ನಾಲ್ಕೂ ಹತ್ತಕ್ಕೆ ಇಬ್ಬರು ಪಂಚರ ಸಮಕ್ಷಮ ಸೀಟು ಜಪ್ತಿಯಾಯಿತು, ಅಜ್ಜಿಯ ಬಂಧನವಾಯಿತು. ಠಾಣೆಯಲ್ಲಿ ರೇಡಿಯೊ ಹೇಳಿಕೆ ಬರೆದುಕೊಂಡ. ಬರೆದದ್ದನ್ನು ಓದಿ ಹೇಳಿ, ಸರಿಯಿದೆ ಎಂದ ಮೇಲೆ ಸಹಿ ಹಾಕಿಸುವುದು ಕ್ರಮ. ದಿನವೂ ಅದನ್ನು ಕಮಿಷನರ ಗತ್ತಿನಲ್ಲಿ ಓದಿ ನಗಿಸುವವನು ಇಂದು ತನ್ನ ದನಿಯಲ್ಲೇ ಓದತೊಡಗಿದ.

ಅಜ್ಜಿ ಕಣ್ಣು ಮುಚ್ಚಿದರು.

"ಎಡಗಡೆ ಸೀಟಿನ ಮುಂದಿನ ಎರಡು ಬೋಲ್ಟುಗಳನ್ನು ಮೊದಲು ಸಡಿಲಿಸಿದೆನು."

"ಹ್ಞೂಂ, ಆಯ್ತು. ಮುಂದಕ್ಕೆ."

"ತರುವಾಯ ಹಿಂದಿನ ಎರಡನ್ನು ಬಿಚ್ಚಿದೆನು."

"ಆಯ್ತು. ಮುಂದಕ್ಕೆ ಓದಿ."

ಮಡಿಲಲ್ಲಿದ್ದ ಅಜ್ಜಿಯ ಬಲಗೈ ಬೆರಳುಗಳು ಸಣ್ಣಗೆ ತಿರುಗುತ್ತಿದ್ದವು. ಹೇಳಿಕೆ ಒಂದೂವರೆ ಪುಟ, ಬೇಗ ಮುಗಿಯಿತು. ರೇಡಿಯೊ ಪೆನ್ನು ಮುಂದೆ ಹಿಡಿಯಲು ಹೋಗಿ ಇನ್‌ಸ್ಪೆಕ್ಟರ ಮುಖ ನೋಡಿದ.

"ಇನ್ನೊಂದ್ಸಲ ಓದಪ್ಪಾ," ಎಂದರು ಇನ್‌ಸ್ಪೆಕ್ಟರು. "ನಿಧಾನಕ್ಕೆ."