ಅದ್ದುಮನೆ

“ಆ ಗೋಡೆ ಒಡೆಯೋದು ಬೇಡ ಸಾರ್. ಒಡೀಲೇಬೇಕು ಅಂದ್ರೆ ಒಡೀರಿ. ಆದ್ರೆ ಒಳಗೆ ನಿಂತು ಮಾತ್ರ ನಗಬೇಡಿ.”

ಇದನ್ನು ಹೇಳಿದವಳು ಗಾರೆ ಕೆಲಸದ ಮೇಸ್ತ್ರಿ. ಅಳಿಯ ಅವಳ ಕೈಯ ಕರಣೆಯನ್ನೂ, ಸುಣ್ಣ ತಿಂದು ಬಿರಿದ ಬೆರಳುಗಳನ್ನೂ, ಸೀರೆಯ ಮೇಲೆ ತೊಟ್ಟ ಗಂಡಸರ ಹಳೇ ಅಂಗಿಯನ್ನೂ ನಿಧಾನವಾಗಿ ನೋಡಿದ. ನೆಲದ ಮೇಲಿನ ಕಲೆಯನ್ನು ನೋಡುವ ಹಾಗೆ.

“ನಗೋದಕ್ಕೂ ನಿನ್ನ ಹತ್ರ ಲೈಸೆನ್ಸ್ ತಗೋಬೇಕಾ?”

ಅಳಿಯ ಎಂದೇ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು. ಎದುರಿಗೆ ಅಳಿಯಂದಿರು, ಬೆನ್ನ ಹಿಂದೆ ಬರೀ ಅಳಿಯ. ಪಾಳುಬಿದ್ದ ಬೆಂಕಿಕಡ್ಡಿ ಕಾರ್ಖಾನೆಯನ್ನು ಕೊಂಡವರು ಅವನ ಮಾವ. ಅದನ್ನು ಇಪ್ಪತ್ತೆರಡು ಕೋಣೆಗಳ ದುಬಾರಿ ಹೋಟೆಲ್ ಮಾಡುವ ಹೊಣೆ ಅವನದು. ದೊಡ್ಡ ಊರುಗಳಲ್ಲಿ ಹೋಟೆಲ್ ನಡೆಸಿ ಬಂದವನಿಗೆ ಇಲ್ಲಿ ಯಾವುದೂ ಹಿಡಿಸಲಿಲ್ಲ. ಬಡಗಿಗೆ ನೇರ ಗೆರೆ ಗೊತ್ತಿಲ್ಲ, ಮಾವನಿಗೆ ಅಂಗಿ ಹಾಕಿಕೊಳ್ಳಲು ಗೊತ್ತಿಲ್ಲ, ಹೆಂಡತಿಗೆ ಏನೂ ಗೊತ್ತಿಲ್ಲ. ಅವನು ಮೆಚ್ಚಿದ್ದು ಕಟ್ಟಡವೊಂದನ್ನೇ. ಅದು ತಿರುಗಿ ಮಾತಾಡುತ್ತಿರಲಿಲ್ಲವಲ್ಲ.

ಕಡ್ಡಿ ಒಣಗಿಸುತ್ತಿದ್ದ ಅಟ್ಟ ಮಲಗುವ ಕೋಣೆಗಳಾಗಬೇಕು. ಪೆಟ್ಟಿಗೆ ತುಂಬುತ್ತಿದ್ದ ಹಜಾರ ಊಟದ ಸಾಲೆಯಾಗಬೇಕು. ಇನ್ನು ಅದ್ದುಮನೆ. ಕಡ್ಡಿಯ ತುದಿಗಳನ್ನು ಮದ್ದಿನಲ್ಲಿ ಅದ್ದುತ್ತಿದ್ದ, ಒಂದೇ ಒಂದು ಕಿಟಕಿಯಿಲ್ಲದ ಕಮಾನು ಕೋಣೆ. ಬಾಗಿಲಿಗೆ ಎಂದೋ ಇಟ್ಟಿಗೆ ಕಟ್ಟಿ ಮುಚ್ಚಿದ್ದರು. ಅಲ್ಲಿ ಬಾರ್ ಆಗಬೇಕೆಂದು ಅವನು ತೀರ್ಮಾನಿಸಿದ್ದ.

“ನಮ್ಮಜ್ಜಿ ಇಲ್ಲೇ ಅದ್ದೋ ಕೆಲಸ ಮಾಡ್ತಿದ್ಲು,” ಎಂದಳು ಮೇಸ್ತ್ರಿ. “ಕಡ್ಡಿ ಮದ್ದಿನ ಬಿಳಿ ರಂಜಕ ಸಾರ್, ಬೆಳ್ಳುಳ್ಳಿ ನಾತದ ಹೊಗೆ, ಕತ್ತಲಲ್ಲಿ ಹೊಳೆಯೋದು. ಮೊದಲು ಹಲ್ಲು ಉದುರೋದು, ಆಮೇಲೆ ದವಡೆ ಕೊಳೆಯೋದು. ಮಾತಾಡಿದ್ರೆ ಬರೀ ಗಾಳಿ. ಕಾರ್ಖಾನೆ ಧಣಿ ಮನೆಗೆ ನೆಂಟರು ಬಂದ್ರೆ, ಅದ್ದೋ ಹೆಂಗಸರನ್ನ ಒಳಗೆ ಸಾಲಾಗಿ ನಿಲ್ಲಿಸಿ ಹೆಸರು ಹೇಳಿಸ್ತಿದ್ದ. ನೆಂಟರು ಹೊಟ್ಟೆ ಹಿಡ್ಕೊಂಡು ನಗೋರು.”

“ಆಮೇಲೆ?”

“ಒಬ್ಬಳಿಗೆ ಮಾಟ ಗೊತ್ತಿತ್ತು. ಎಲ್ಲರ ಹಲ್ಲು ಕೂಡಿಸಿ, ಕಪ್ಪು ದಾರ ಸುತ್ತಿ, ಕಬ್ಬಿಣದ ಗಡಿಗೇಲಿ ಹಾಕಿ ಒಳಗಿಟ್ಲು. ಆಮೇಲೆ ಧಣಿ ಬದುಕಿದ್ದು ಮೂರೇ ತಿಂಗಳು. ಗಂಜಿ ಕುಡಿಯೋಕೂ ಅವನಿಗೆ ಬಾಯಿ ಉಳೀಲಿಲ್ಲ.”

“ಒಳ್ಳೇ ಕತೆ. ಮೆನು ಕಾರ್ಡಿನ ಹಿಂದೆ ಅಚ್ಚು ಹಾಕಿಸ್ತೀನಿ,” ಎಂದು ಅವನು ಆಳುಗಳಿಗೆ ಸುತ್ತಿಗೆ ಎತ್ತಲು ಸನ್ನೆ ಮಾಡಿದ.

ಇಟ್ಟಿಗೆ ಉರುಳಿದಾಗ ನಡುಹಗಲು. ಮೊದಲು ಹೊರಬಂದದ್ದು ವಾಸನೆ. ಬೆಳ್ಳುಳ್ಳಿಯ ವಾಸನೆ, ಆದರೆ ಅಡುಗೆಮನೆಯದಲ್ಲ. ಯಾರೋ ಹಸಿಯಾಗಿ ಜಗಿದು, ಮುಖದ ಹತ್ತಿರ ಬಂದು ಉಸಿರು ಬಿಟ್ಟಂತೆ ತಣ್ಣಗೆ, ತೇವವಾಗಿ. ಹೊರಗೆ ಕಣ್ಣು ಕುಕ್ಕುವ ಬಿಸಿಲಿದ್ದರೂ ಹೊಸಿಲು ದಾಟಿ ಮೂರು ಹೆಜ್ಜೆಗೆ ಬೆಳಕು ಸೋತು ನಿಂತಿತ್ತು. ಅವನು ಟಾರ್ಚ್ ಹಿಡಿದು ಒಳಗೆ ಹೋದ. ಮಸಿ ಮೆತ್ತಿದ ಕಮಾನು. ಬೆವರುವ ಗೋಡೆ. ಬಾನಿಯಂಥ ಕಲ್ಲಿನ ತೊಟ್ಟಿಗಳು. ನಡುವೆ ಆ ಗಡಿಗೆ. ತುಕ್ಕು ಅದರ ಹೊಟ್ಟೆಯನ್ನು ತಿಂದಿತ್ತು. ಒಳಗಿನ ಕಪ್ಪು ದಾರ ಮಾತ್ರ ನಿನ್ನೆ ಸುತ್ತಿದ ಹಾಗಿತ್ತು. ಅದರ ಕುಣಿಕೆಗಳಲ್ಲಿ ಹಲ್ಲುಗಳು. ಕೆಲವಕ್ಕೆ ಒಣಗಿದ ವಸಡಿನ ಚೂರು ಇನ್ನೂ ಅಂಟಿಕೊಂಡಿತ್ತು.

ಅವನು ತುಟಿಗಳನ್ನು ಒಳಕ್ಕೆ ಮಡಚಿ, ಬೊಚ್ಚುಬಾಯಿ ಮಾಡಿ, ಬಾಗಿಲ ಕಡೆ ತಿರುಗಿದ.

“ನಿನ್ನ ಹೆಶರು ಏನಮ್ಮಾ? ಎಲ್ಲಿ, ಇನ್ನೊಂಶಲ ಹೇಳು!”

ಅಣಕಿಸಿ ತಾನೇ ನಕ್ಕ. ಬಹಳ ಹೊತ್ತು, ಮನಸಾರೆ ನಕ್ಕ. ಅವನು ನಿಲ್ಲಿಸಿದ ಮೇಲೂ ಕಮಾನಿನಲ್ಲಿ ಆ ನಗು ಸ್ವಲ್ಪ ಹೊತ್ತು ಸುತ್ತಾಡಿ, ಯಾರೋ ನುಂಗಿದಂತೆ ಥಟ್ಟನೆ ನಿಂತಿತು. ಹೊರಗೆ ಬಂದು ನೋಡಿದರೆ ಆಳುಗಳು ಒಬ್ಬರೂ ಇಲ್ಲ. ಸುತ್ತಿಗೆಗಳನ್ನು ಅಲ್ಲೇ ಚೆಲ್ಲಿ ಹೋಗಿದ್ದರು. ‘ಅಂಜುಬುರುಕ ಕತ್ತೆಗಳು’ ಎಂದು ಬೈದುಕೊಂಡು, ಗಡಿಗೆಗೆ ಗಾಜಿನ ಪೆಟ್ಟಿಗೆ ಮಾಡಿಸಬೇಕೆಂದು ಡೈರಿಯಲ್ಲಿ ಬರೆದುಕೊಂಡ.

ಅಂದೇ ಮನೆಯಲ್ಲಿ ಬ್ರೆಡ್ ಅಗಿಯುವಾಗ ಕಲ್ಲು ಸಿಕ್ಕಿತು. ಹೆಂಡತಿಯನ್ನು ಬೈಯಲು ಬಾಯಿ ತೆರೆದ. ತಟ್ಟೆಯ ಮೇಲೆ ಟಣ್ಣೆಂದು ಬಿದ್ದದ್ದು ಅವನದೇ ದವಡೆಹಲ್ಲು. ರಕ್ತವಿಲ್ಲ, ನೋವಿಲ್ಲ. ಮರುದಿನ ಎರಡು ಉದುರಿದವು.

ಹಲ್ಲಿನ ಡಾಕ್ಟರನ್ನು ಅವನು ಹಜಾಮನೆಂದು ಹಂಗಿಸಿದ. ಡಾಕ್ಟರು ಸಹಿಸಿಕೊಂಡು, ಎಕ್ಸ್‌ರೇ ನೋಡಲು ದೀಪ ಆರಿಸಿ, ಮತ್ತೆ ಬಾಯಿ ತೆರೆಯಲು ಹೇಳಿದರು. ಕೂಡಲೇ ಕೈ ಹಿಂದಕ್ಕೆ ಎಳೆದುಕೊಂಡರು.

“ನಿಮ್ಮ ಬಾಯಿ… ಒಳಗಿನಿಂದ ಹೊಳೀತಿದೆ.”

ಹೆಂಡತಿ ಗಾರೆ ಮೇಸ್ತ್ರಿಯನ್ನು ಹುಡುಕಿಕೊಂಡು ಹೋದಳು. ಮೇಸ್ತ್ರಿ ಯಾವುದೋ ಶಾಲೆಯ ಗೋಡೆಗೆ ಗಾರೆ ಮೆತ್ತುತ್ತಿದ್ದಳು. ಕೆಲಸ ನಿಲ್ಲಿಸದೆಯೇ ಹೇಳಿದಳು. “ಅದೇ ಜಾಗದಲ್ಲಿ ನಿಂತು, ಅವರಿಗೆ ಕೇಳೋ ಹಾಗೆ ತಪ್ಪಾಯ್ತು ಅನ್ನಲಿ. ಬೇರೇನೂ ಬೇಡ. ಬಾಯಲ್ಲಿ ಮಾತು ಇರೋವಾಗ್ಲೇ ಅನ್ನಲಿ ಅಮ್ಮ.”

“ಗೋಡೆಗೆ ಕ್ಷಮೆ ಕೇಳೋಕೆ ನಾನೇನು ಹುಶ್ಶನಾ?” ಎಂದ ಅಳಿಯ. ‘ಹುಚ್ಚ’ ಎನ್ನಲು ಬೇಕಾದ ಹಲ್ಲುಗಳು ಅಷ್ಟರಲ್ಲಿ ಹೋಗಿದ್ದವು.

ನಾಲ್ಕು ದಿನ ಹಟ ಹಿಡಿದ. ಗದ್ದ ಕುಂಬಳದಂತೆ ಊದಿತು. ದಿಂಬಿಗೂ, ಚಾದರಕ್ಕೂ, ಅವನು ಮುಟ್ಟಿದ ಲೋಟಕ್ಕೂ ಬೆಳ್ಳುಳ್ಳಿಯ ನಾತ ಹತ್ತಿತು. ಐದನೆಯ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತನ್ನ ಹೆಸರನ್ನೇ ಹೇಳಲು ನೋಡಿದ. ಬಂದದ್ದು ಗಾಳಿ.

ಆಗ ಹೆದರಿದ. ಹೆದರಿಕೆಯಲ್ಲೂ ತನ್ನ ಅಂತಸ್ತು ಬಿಡಲಿಲ್ಲ. ಹೋಟೆಲಿನ ಹೆಸರು ಅಚ್ಚಾಗಿದ್ದ ದಪ್ಪ ಕಾಗದದ ಮೇಲೆ ಚೆಂದದ ಅಕ್ಷರದಲ್ಲಿ ಕ್ಷಮಾಪಣೆ ಬರೆದ. ಹೆಂಡತಿ ಗೋಗರೆದು ಮೇಸ್ತ್ರಿಯನ್ನು ಕರೆತಂದಳು. ಹತ್ತು ಗಂಟೆಯ ಬಿಸಿಲಲ್ಲಿ ಮೂವರೂ ಆ ಒಡೆದ ಬಾಗಿಲ ಮುಂದೆ ನಿಂತರು. ಅವನು ಕಾಗದ ತೋರಿಸಿದ.

ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. “ಬರೆದ್ರೆ ಹೇಗೆ ಸಾರ್? ಅವರಿಗೆ ಓದೋಕೆ ಬರ್ತಿರಲಿಲ್ಲ.”

“ನಾನು ಓದಿ ಹೇಳ್ತೀನಿ,” ಎಂದಳು ಹೆಂಡತಿ.

“ನಕ್ಕಿದ್ದು ನೀವಲ್ಲ ಅಮ್ಮ.”

ಅವನು ಒಬ್ಬನೇ ಒಳಗೆ ಹೋದ.

ಮೂರನೇ ಹೆಜ್ಜೆಗೆ ಟಾರ್ಚ್ ಆರಿತು. ತಿರುಗಿದ. ಬಾಗಿಲಿನ ಬೆಳಕಿಲ್ಲ. ಎಡಕ್ಕೆ ಉಸಿರು. ಬಲಕ್ಕೆ ಉಸಿರು. ಕತ್ತಿನ ಹಿಂದೆ ಉಸಿರು. ಮಸುಕು ಹಸಿರಿನ ಒಂದು ಗೆರೆ ಹೊಳೆಯಿತು. ಪಕ್ಕದಲ್ಲಿ ಇನ್ನೊಂದು. ಮತ್ತೊಂದು. ಎಲ್ಲವೂ ಅವನ ಎದೆಯ ಎತ್ತರಕ್ಕೆ, ತೊಟ್ಟಿಗೆ ಬಗ್ಗಿ ಬಗ್ಗಿ ಗೂನಾದವರ ಎತ್ತರಕ್ಕೆ. ಮುಖಗಳಿಲ್ಲ. ಬರೀ ದವಡೆಗಳು. ಸಾಲಾಗಿ.

“ಅಪ್ಪಾ… ಯು,” ಎಂದ.

‘ತಪ್ಪಾಯ್ತು’ ಎನ್ನಹೋದರೆ ಬಾಯಿಂದ ಹೊರಟದ್ದು ಅಷ್ಟೇ.

“ಅಪ್ಪಾಯು.”

“ಅಪ್ಪಾಯು,” ಎಂದಿತು ಕತ್ತಲು. ಅವನದೇ ದನಿಯಲ್ಲಿ. ಅಣಕಿಸಿ.

ಯಾರೋ ಕಿಸಕ್ಕೆಂದರು. ಮುದುಕಿಯ ನಗು. ಅದಕ್ಕೆ ಇನ್ನೊಂದು ಸೇರಿತು. ಎಳೆ ಹೆಂಗಸಿನದು. ಆಮೇಲೆ ಇಡೀ ಸಾಲು. ಗಾಳಿ ಸೋರುವ, ತಿದಿ ಒತ್ತಿದಂಥ ನಗು.

“ಎಲ್ಲಿ,” ಎಂದಿತು ಒಂದು ಬಾಯಿ, ಅವನ ಕಿವಿಗೆ ತಾಗಿ. “ಇನ್ನೊಂಶಲ.”

ಹೇಳಿದ. ನಕ್ಕರು. ಮತ್ತೆ ಹೇಳಿದ. ಮತ್ತೆ ನಕ್ಕರು. ಮೊಣಕಾಲೂರಿದ. ಅಳುತ್ತಾ ಹೇಳಿದ. ಅತ್ತದ್ದಕ್ಕೆ ಇನ್ನೂ ಜೋರಾಗಿ ನಕ್ಕರು. ದವಡೆಯ ಕೀಲಿನಲ್ಲಿ ಏನೋ ಸಡಿಲಾಯಿತು. ಹೇಳಿದ. ಕಟಕ್ಕೆಂದಿತು. ಹೇಳಿದ.

ಹೊರಗಿದ್ದ ಹೆಂಡತಿ ಒಳಕ್ಕೆ ಓಡಲು ನೋಡಿದಳು. ಮೇಸ್ತ್ರಿ ಅವಳ ಮುಂಗೈ ಬಿಗಿಯಾಗಿ ಹಿಡಿದಳು. “ಬೇಡ ಅಮ್ಮ. ಅವರದು ಇನ್ನೂ ಮುಗಿದಿಲ್ಲ.”

ಮುಗಿಯುವಾಗ ಬಿಸಿಲು ಇಳಿದಿತ್ತು. ಅವನು ತೆವಳಿಕೊಂಡು ಹೊರಗೆ ಬಂದ. ಬದುಕಿದ್ದ. ಅವನ ಕೆಳದವಡೆ ಅವನ ಅಂಗೈಯಲ್ಲಿತ್ತು, ತೊಳೆದಿಟ್ಟ ಪಾತ್ರೆಯಂತೆ ಶುಭ್ರವಾಗಿ. ಆಸ್ಪತ್ರೆಯವರು ತೊಡೆಯ ಚರ್ಮ ತೆಗೆದು ಮುಖದ ಕೆಳಭಾಗ ಮುಚ್ಚಿದರು. ಊಟ ಇನ್ನು ಜೀವನಪೂರ್ತಿ ಕೊಳವೆಯಲ್ಲಿ.

ಮಾವ ಅದ್ದುಮನೆಗೆ ಮತ್ತೆ ಗೋಡೆ ಕಟ್ಟಲು ಹೇಳಿದರು. ಮೇಸ್ತ್ರಿಯೇ ಬಂದಳು. ಇಟ್ಟಿಗೆ ಎತ್ತಿಕೊಡುತ್ತಾ ಹೆಂಡತಿ ಮೆಲ್ಲಗೆ ಕೇಳಿದಳು. “ಅವರು ಕ್ಷಮಿಸಿದ್ರಾ?”

“ಅದೆಲ್ಲಾ ನಂಗೆ ಗೊತ್ತಿಲ್ಲಮ್ಮ,” ಎಂದಳು ಮೇಸ್ತ್ರಿ, ಸಂದಿಗೆ ಗಾರೆ ತುಂಬುತ್ತಾ. “ಅವರು ನಕ್ಕಿದ್ದು ಇದೇ ಮೊದಲು.”

ಕೊನೆಯ ಇಟ್ಟಿಗೆಯ ಜಾಗಕ್ಕೆ ಕಿವಿಯಿಟ್ಟು ಇಬ್ಬರೂ ಆಲಿಸಿದರು. ಒಳಗೆ, ಆಳದಲ್ಲಿ, ಯಾರೋ ನಕ್ಕು ನಕ್ಕು ಸುಸ್ತಾಗಿ ದೀರ್ಘವಾಗಿ ಉಸಿರೆಳೆದುಕೊಂಡರು.