ತುಕ್ಕು ಸಾಹೇಬನ ಸುಳ್ಳು

"ಗಾಡಿ ಮುಂದೆ ತರೋದಾದ್ರೆ ನನ್ನ ಮೇಲೇ ಹತ್ತಿಸಿ."

ಎಣ್ಣೆ ಬಾವಿಯ ಗೇಟಿಗೆ ಅಡ್ಡ ನಿಂತು ಅವಳು ಹಾಗೆಂದಾಗ, ಔಷಧಿಯ ನೀಲಿ ಡ್ರಮ್ಮುಗಳ ಲಾರಿ ಗಕ್ಕನೆ ನಿಂತಿತು. ಇಳಿದು ಬಂದವನು ತುಕ್ಕು ಸಾಹೇಬ. ಪೈಪುಗಳಿಗೆ ತುಕ್ಕು ಹಿಡಿಯದಂತೆ ಕಾಯುವ ಎಂಜಿನಿಯರಿಗೆ ಅಲ್ಲಿನವರು ಇಟ್ಟ ಹೆಸರು ಅದು. ಕಬ್ಬಿಣ ತಿನ್ನುವ ಸೂಕ್ಷ್ಮಜೀವಿಗಳನ್ನು ಔಷಧಿ ಹಾಕಿ ಕೊಲ್ಲುವುದೇ ಅವನ ಕೆಲಸ.

ಅವಳ ಕೆಲಸವೋ, ಸೂಕ್ಷ್ಮಜೀವಿಗಳನ್ನು ಸಾಕುವುದು! ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧವಾಗದೆ ಇನ್ನೇನಾದೀತು?

ಆ ಹಳೆಯ ಬಾವಿ ಬರಿದಾಯಿತೆಂದು ಎಲ್ಲರೂ ಕೈಬಿಟ್ಟಿದ್ದರು. ಬರಿದಾಗಿರಲಿಲ್ಲ, ಉಳಿದ ಎಣ್ಣೆ ಆಳದ ಕಲ್ಲಿಗೆ ಅಂಟಿಕೊಂಡು ಕೂತಿತ್ತು. ಅದನ್ನು ಬಿಡಿಸಲು ಕಟುವಾದ ರಾಸಾಯನಿಕ ಇಳಿಸಲು ಕಚೇರಿ ಸಿದ್ಧವಾಗಿತ್ತು. ಅದು ಸೋರಿದರೆ ಪಕ್ಕದ ಹೊಳೆಯ ಗತಿಯೇನು? ಅವಳು ಹಟ ಹಿಡಿದು ಒಂದು ಅವಕಾಶ ಕೇಳಿ ಪಡೆದಿದ್ದಳು. ಅವಳ ಜೀವಿಗಳು ಬೆಲ್ಲದ ಪಾಕದಂಥ ಕಾಕಂಬಿ ತಿಂದು, ಸಾಬೂನಿನಂಥದ್ದೇನನ್ನೋ ಒಸರಿ, ಆ ಎಣ್ಣೆಯನ್ನು ಸಡಿಲಿಸಬೇಕು. ಸೋತರೆ ಬಾವಿ ರಾಸಾಯನಿಕದ ಪಾಲು.

ಅವಳು ಹೇಳಿದ್ದೆಲ್ಲವನ್ನೂ ಅವನು ಕೇಳಿಸಿಕೊಂಡ.

"ನಿಮ್ಮ ಮಕ್ಕಳು ನನ್ನ ಪೈಪು ತಿನ್ನಲ್ಲ ತಾನೇ?"

"ಅವಕ್ಕೆ ಸಿಹಿ ಮಾತ್ರ ರುಚಿ."

ನಕ್ಕು ಲಾರಿ ತಿರುಗಿಸಿದ. ಈ ಬಾವಿಯ ಪೈಪುಗಳಿಗೆ ಔಷಧಿ ಹಾಕುವುದನ್ನು ನಿಲ್ಲಿಸಿದ.

ಜೀವಿಗಳನ್ನು ಒಳಗಿಳಿಸಿ ಬಾವಿಯ ಬಾಯಿ ಮುಚ್ಚಿದ್ದಾಯಿತು. ಒಳಗೆ ಅವು ಬದುಕಿದ್ದರೆ ಅನಿಲ ಹುಟ್ಟಿ ಒತ್ತಡ ಮಾಪಕದ ಮುಳ್ಳು ಏರಬೇಕು. ಬೆಳಗಾದರೆ ಅವಳು ಮುಳ್ಳು ನೋಡಲು ಬರುತ್ತಿದ್ದಳು, ಅವನು ಪೈಪು ನೋಡಲು. ನೋಡಿದ ಮೇಲೂ ಇಬ್ಬರಿಗೂ ಹೊರಡಲು ಮನಸ್ಸಿಲ್ಲ...

"ಮುಳ್ಳು ನೋಡೋಕೆ ಹೋಗೋರು ಇಷ್ಟು ಹೊತ್ತು ತಲೆ ಬಾಚ್ತಾರಾ?" ಎಂದು ಮನೆಯಲ್ಲಿ ಅತ್ತಿಗೆ ಕಾಲೆಳೆದರೆ, ಅವಳ ಕೆನ್ನೆ ಕೆಂಪಾಗುತ್ತಿತ್ತು.

ಆದರೆ ಮುಳ್ಳು ಏರಲೇ ಇಲ್ಲ. ಬಾವಿಯ ನೀರು ತೆಗೆದು ಪರೀಕ್ಷಿಸಿದರೆ ಜೀವಿಗಳೆಲ್ಲ ಸತ್ತಿದ್ದವು. ನೀರಿನಲ್ಲಿ ಅವನ ಔಷಧಿಯ ಅಂಶ!

ಕಚೇರಿಯ ದೊಡ್ಡ ಸಾಹೇಬರ ಕೋಣೆಯಲ್ಲಿ, ಎಲ್ಲರೆದುರು, ಅವಳು ಬಾಯಿಗೆ ಬಂದಂತೆ ಅಂದಳು. "ಕೊಲ್ಲೋದೇ ಕಸುಬಾದವರನ್ನ ನಂಬಿದ್ದು ನನ್ನ ತಪ್ಪು."

ಅವನ ಮುಖ ಕಪ್ಪಿಟ್ಟಿತು. ಎದ್ದು ಹೊರಗೆ ನಡೆದ. ಸಂಜೆ ಹೊತ್ತಿಗೆ ತಾನೇ ದೊಡ್ಡ ಸಾಹೇಬರ ಬಳಿ ಹೋಗಿ, ತಪ್ಪು ನಮ್ಮ ವಿಭಾಗದ್ದು, ಅವರ ವಿಧಾನದ್ದಲ್ಲ, ಇನ್ನೊಂದು ಅವಕಾಶ ಕೊಡಿ ಎಂದನಂತೆ. ಚೆನ್ನಾಗಿ ಬೈಸಿಕೊಂಡನಂತೆ. ಅವಕಾಶವೇನೋ ಸಿಕ್ಕಿತು. ಆದರೆ ಅವನು ತಪ್ಪೊಪ್ಪಿಕೊಂಡದ್ದು ಕೇಳಿ ಅವಳಿಗೆ ಅಳು ಬಂತು. 'ಹಾಗಾದರೆ ನಿಜವಾಗಿಯೂ ಅವನೇ...'

ಎರಡನೆಯ ಸಲ ಜೀವಿಗಳು ಬೆಳೆದು ನಿಂತವು. ಬಾವಿಗಿಳಿಸುವ ಮೊದಲು ಅವುಗಳನ್ನು ತುಂಬುವ ತೊಟ್ಟಿಯನ್ನು ಕೂಲಿಯವರು ಬಿಸಿನೀರು ಸುರಿದು ತೊಳೆಯುತ್ತಿದ್ದರು. ಬರೀ ನೀರೇ ಯಾಕೆಂದು ಅವಳು ಸುಮ್ಮನೆ ಕೇಳಿದಳು.

"ತುಕ್ಕು ಸಾಹೇಬರು ಔಷಧಿ ಮುಟ್ಟಬೇಡಿ ಅಂದಿದ್ದಾರೆ ಮೇಡಂ," ಎಂದಳು ಮೇಸ್ತ್ರಿಯಮ್ಮ. "ಹೋದ ಸಲ ನೀವು ಚೆನ್ನಾಗಿ ತೊಳೀರಿ ಅಂದ್ರಲ್ಲ, ಯಾವಾಗಲೂ ಹಾಕೋ ಔಷಧೀಲೇ ತೊಳೆದಿದ್ವಿ. ದೊಡ್ಡ ಸಾಹೇಬರ ಕೋಣೇಲಿ ಜಗಳ ಆದ ದಿನವೇ ಇವರು ಬಂದು ಕೇಳ್ಕೊಂಡು ಹೋದ್ರು."

ಚೆನ್ನಾಗಿ ತೊಳೆಯಿರಿ ಎಂದವಳು ಯಾವುದರಲ್ಲಿ ಎಂದು ಹೇಳಿರಲಿಲ್ಲ. ಸಾಕಿದ ಕೈಯೇ ಕೊಂದಿತ್ತು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬಂದೀತೇ?

ಸುಮ್ಮನಿದ್ದರೆ ಪ್ರಯೋಗ ಉಳಿಯುತ್ತಿತ್ತು. ಹೇಳಿದರೆ ಈ ಅವಕಾಶವೂ ಹೋಗಬಹುದು, ಹೊಳೆಯೂ ಹೋಗಬಹುದು. ಆದರೂ ಅವನ ಹೆಸರಿನ ಮೇಲೆ ತನ್ನ ತಪ್ಪು ಹೊರಿಸಿಟ್ಟು ಅವಳಿಗೆ ಕೆಲಸ ಮಾಡಲಾಗಲಿಲ್ಲ. ನೇರ ದೊಡ್ಡ ಸಾಹೇಬರ ಕೋಣೆಗೆ ಹೋದಳು. ನಿಂತೇ ಎಲ್ಲ ಹೇಳಿದಳು.

ಅವರು, ತೊಳೆದದ್ದು ತಪ್ಪಾದರೆ ಜೀವಿಗಳದ್ದೇನು ತಪ್ಪು, ಹೋಗಿ ಇಳಿಸಿ, ಆದರೆ ಮೂರನೆಯ ಸಲ ನನ್ನ ಬಾಗಿಲಿಗೆ ಬರಬೇಡಿ ಎಂದರು.

ಅವನು ಪೈಪುಗಳ ಶೆಡ್ಡಿನಲ್ಲಿದ್ದ. ಅವಳು ಎದುರು ನಿಂತಳು.

"ಯಾಕೆ ಹೇಳಲಿಲ್ಲ?"

"ತಪ್ಪು ನಿಮ್ಮದು ಅಂದಿದ್ರೆ, ಆವತ್ತೇ ರಾಸಾಯನಿಕ ಇಳಿಸ್ತಿದ್ರು."

"ಸಾಹೇಬರಿಗೆ ಬೇಡ, ನನಗೆ?"

ಅವನು ತಲೆ ತಗ್ಗಿಸಿದ. "ಅಷ್ಟು ಪ್ರೀತಿಯಿಂದ ಸಾಕಿದೋರಿಗೆ, ನೀವೇ ಕೊಂದಿದ್ದು ಅಂತ ಹೇಗೆ ಹೇಳಲಿ? ನನ್ನನ್ನ ಬೈಕೊಂಡೇ ಇರಲಿ ಅನ್ನಿಸ್ತು."

ಅವಳ ಕಣ್ಣು ತುಂಬಿತು. ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. "ನಾನು ಈಗಷ್ಟೇ ಹೋಗಿ ನಿಜ ಹೇಳಿ ಬಂದೆ. ಇನ್ಮೇಲೆ ನನಗೋಸ್ಕರ ಸುಳ್ಳು ಹೇಳಬೇಡಿ. ಬೇಕಾದ್ರೆ ನನ್ನ ಜೊತೆ ನಿಂತು ಬೈಸ್ಕೊಳ್ಳಿ. ನನಗೆ ನೀವು ಬೇಕು, ನಿಮ್ಮ ತ್ಯಾಗ ಬೇಡ."

ಅವನು ಕೈಯ ಜಿಡ್ಡು ಒರೆಸಿಕೊಳ್ಳುವುದನ್ನೂ ಮರೆತು ನಿಂತ.

"ಎಷ್ಟು ದಿನ ಜೊತೆ ನಿಲ್ಲಬೇಕು?"

"ಅದನ್ನ ಮನೆಗೆ ಬಂದು ನಮ್ಮಣ್ಣ ಅತ್ತಿಗೆ ಹತ್ರ ಕೇಳಿ," ಎಂದು ಅವಳು ಆ ಜಿಡ್ಡು ಕೈಯನ್ನೇ ಹಿಡಿದುಕೊಂಡಳು.