ಗುಲಾಬಿ ಮುಚ್ಚಳ

ಇದನ್ನು ಬರೆಯುವ ಯೋಗ್ಯತೆ ನನಗಿದೆಯೇ ಎಂಬ ಅನುಮಾನ ಇನ್ನೂ ಹೋಗಿಲ್ಲ. ಕಣ್ಣಾರೆ ಕಂಡದ್ದು ಸ್ವಲ್ಪ, ನನ್ನ ಜೊತೆ ಕೆಲಸ ಮಾಡುವ ಗೆಳೆಯನ ಬಾಯಿಂದ ಕೇಳಿದ್ದು ಹೆಚ್ಚು. ಎಲ್ಲಾದರೂ ತಪ್ಪಿದ್ದರೆ ಅವನ ಮನೆಯವರು ಕ್ಷಮಿಸಬೇಕು. ಊಟದ ಹೊತ್ತಿನಲ್ಲಿ ಓದಲು ಕುಳಿತವರೂ ಕ್ಷಮಿಸಬೇಕು.

"ಆ ಮುಚ್ಚಳ ಒಂದನ್ನ ಮಾತ್ರ ಬದಲಾಯಿಸಬೇಡಿ," ಎಂದು ಅವನಿಗೆ ಹಳೆಯ ಬೈಕು ಮಾರಿದ ಹೆಂಗಸು ಮೂರು ಸಲ ಹೇಳಿದ್ದರಂತೆ. ಗಂಡ ತೀರಿಕೊಂಡ ಮೇಲೆ ಅದು ಅವರ ಮನೆಯ ಹಿಂದಿನ ಶೆಡ್ಡಿನಲ್ಲಿ ಗೋಣಿತಾಟು ಹೊದ್ದು ನಿಂತಿತ್ತು. "ಮೈಯೆಲ್ಲ ಒರಿಜಿನಲ್ಲೇ. ಈ ಟೂಲ್ ಬಾಕ್ಸಿನ ಮುಚ್ಚಳ ನಮ್ಮ ಯಜಮಾನ್ರು ಕೈಯಾರೆ ತಗಡು ಬಡಿದು ಮಾಡಿದ್ದು. ಅದು ಇರೋ ತನಕ ಬೈಕು ಸುಮ್ಮನಿರುತ್ತೆ."

"ಸುಮ್ಮನಿರ್ಲಿ ಅಂತ ಯಾರಾದ್ರೂ ಬೈಕ್ ತಗೋತಾರೇನಮ್ಮ?"

"ನಗಬೇಡಿ. ಅದಕ್ಕೆ ಮಾಟ ಮಾಡಿಸಿದಾರೆ."

"ಮಾಟಕ್ಕೆ ಪಾರ್ಟ್ ನಂಬರ್ ಬೇರೆ ಗೊತ್ತಾಗುತ್ತಾ?" ಎಂದು ಅವನು ಇನ್ನೂ ಜೋರಾಗಿ ನಕ್ಕ.

ಹಳೆಯ ಬೈಕು ಕೂಡಿಡುವವರ ಗುಂಪಿನಲ್ಲಿ ಅವನಿಗೆ 'ಒರಿಜಿನಲ್' ಎಂದೇ ಹೆಸರು. ವಾರದ ಆರು ದಿನ ಹಲ್ಲಿನ ಲ್ಯಾಬಿನಲ್ಲಿ ನನ್ನ ಪಕ್ಕದ ಮೇಜಿಗೆ ಕುಳಿತು, ಡಾಕ್ಟರು ಕಳಿಸಿದ ಅಚ್ಚು ನೋಡಿ ಕಟ್ಟುಹಲ್ಲಿನ ಸೆಟ್ಟು ಮಾಡುವವನು, ಏಳನೆಯ ದಿನ ನಕಲಿ ಎಂದರೆ ಮುಖ ಸಿಂಡರಿಸುವನು. ಮಡ್‌ಗಾರ್ಡಿಗೆ ಅಯಸ್ಕಾಂತ ಹಿಡಿದು, ಲಿವರಿಗೆ ಉಗುರಿನಿಂದ ಬಡಿದು, ರಬ್ಬರನ್ನು ಮೂಸಿ, ಯಾವುದು ಕಾರ್ಖಾನೆಯಿಂದಲೇ ಬಂದದ್ದು, ಯಾವುದು ಆಮೇಲೆ ಯಾರೋ ಅಚ್ಚೊತ್ತಿದ್ದು ಎಂದು ಹೇಳಿಬಿಡುವನು. ನಕಲಿ ಭಾಗ ಕಳಚಿದರೆ ಅದನ್ನು ಸುತ್ತಿಗೆಯಿಂದ ಜಜ್ಜಿಯೇ ಬಿಸಾಡುವುದು ಅವನ ನೇಮ. ಇನ್ನೊಬ್ಬ ಅದನ್ನು ನಂಬಿ ಮೋಸಹೋಗಬಾರದಲ್ಲ.

ಎರಡು ತಿಂಗಳು ಗುಜರಿ ಅಂಗಡಿಗಳನ್ನು ಜಾಲಾಡಿ, ಕಾರ್ಖಾನೆಯ ನಂಬರು ಒತ್ತಿದ್ದ ಅಸಲಿ ಮುಚ್ಚಳ ಸಂಪಾದಿಸಿದ. ಒಂದು ಭಾನುವಾರ ಬೆಳಗ್ಗೆ ಹಳೆಯದನ್ನು ಬಿಚ್ಚಿದ. ಅದರ ಒಳಮೈಯಲ್ಲಿ ಮೇಣದ ಪದರ, ಮೇಣದಲ್ಲಿ ಹೂತ ಕಂದು ಬಣ್ಣದ ಐದಾರು ಚಕ್ಕೆಗಳು. ಕೆರೆದು ಮೂಸಿದ. ಒದ್ದೆ ಕಾಲುಚೀಲದ ವಾಸನೆ. ಥೂ ಎಂದು ಸುತ್ತಿಗೆ ಎತ್ತಿ ಚಪ್ಪಟೆ ಮಾಡಿದ. ಅಸಲಿ ಮುಚ್ಚಳ ಟಕ್ ಎಂದು ಕೂತಿತು, ಯಾರೋ ಬಾಯಿ ಮುಚ್ಚಿಕೊಂಡ ಹಾಗೆ.

ಮೂರನೆಯ ದಿನ ಅವನ ಶೆಡ್ಡಿನಲ್ಲಿ ನಾತ. ಕಿಟಕಿಯಿಲ್ಲದ ತಗಡಿನ ಶೆಡ್ಡು, ಬಾಗಿಲು ಹಾಕಿದರೆ ನಡುಹಗಲಲ್ಲೂ ಕತ್ತಲೆ. ಇಲಿ ಸತ್ತಿರಬೇಕೆಂದು ಮೂಲೆಮೂಲೆ ಹುಡುಕಿದ. ಕೊನೆಗೆ ಇರುವೆ ಸಾಲು ತೋರಿಸಿತು. ಟೂಲ್ ಬಾಕ್ಸ್ ತೆರೆದರೆ ಪಾನಾಗಳ ನಡುವೆ ಒಂದು ದವಡೆ ಹಲ್ಲು. ಬೇರಿಗೆ ಅಂಟಿದ ಮಾಂಸದ ಎಳೆ ಇನ್ನೂ ಒದ್ದೆ.

ಅದನ್ನು ಡಬ್ಬಿಯಲ್ಲಿ ಹಾಕಿಕೊಂಡು ಕೆಲಸಕ್ಕೆ ಬಂದ. "ಇದು ನಂದು ಕಣೋ. ಈ ತೂತಿಗೆ ತುಂಬಿಸಿದ್ದು ಹೋದ ವರ್ಷ, ನೀನೇ ನನ್ನ ಜೊತೆ ಬಂದಿದ್ದೆ."

"ನಿನ್ನದಾದ್ರೆ ನಿನ್ನ ಬಾಯಲ್ಲಿರೋದು ಯಾರದಪ್ಪಾ?" ಎಂದು ನಗುತ್ತಲೇ ಪುಟ್ಟ ಕನ್ನಡಿ ಹಿಡಿದು ನೋಡಿದೆ. ನಗು ಅಲ್ಲೇ ನಿಂತಿತು. ತೂತು ತುಂಬಿಸಿದ ಹಲ್ಲಿದ್ದ ಜಾಗದಲ್ಲಿ ನುಣ್ಣನೆಯ, ಕಲೆಯಿಲ್ಲದ ಹಲ್ಲು. ಉಗುರಿನಿಂದ ಬಡಿದೆ. ಮಂಕು ಸದ್ದು. ಹಲ್ಲಿನ ಮಧ್ಯದಲ್ಲಿ ಕೂದಲೆಳೆಯಷ್ಟು ಗೆರೆ, ಅಚ್ಚಿನ ಎರಡು ಭಾಗ ಸೇರುವ ಕಡೆ ಬೀಳುವಂಥದ್ದು. ಅವನ ಉಸಿರಿನಲ್ಲಿ, ಸೆಟ್ಟಿನ ಗುಲಾಬಿ ವಸಡು ಮಾಡಲು ನಾವು ಪುಡಿ ಕಲಸುವ ದ್ರವದ ಘಾಟು.

ಆಮೇಲೆ ದಿನವೂ ಒಂದು ಹಲ್ಲು. ಹೆದರಿ ಅಸಲಿ ಮುಚ್ಚಳ ಕಳಚಿಟ್ಟ. ಮರುದಿನದಿಂದ ಎರಡೆರಡು. ಅನ್ನದ ಬಿಸಿ, ನೀರಿನ ತಂಪು ಗೊತ್ತಾಗುತ್ತಿಲ್ಲ ಎನ್ನುತ್ತಿದ್ದ. ಹೆಂಡತಿ ದಿಂಬು ದೂರ ಮಾಡಿಕೊಂಡಳು. "ಏನ್ರೀ ಇದು, ಬಾಯಿ ತೆರೆದ್ರೆ ನಿಮ್ಮ ಲ್ಯಾಬೇ ಮನೆಗೆ ಬಂದ ಹಾಗಾಗುತ್ತೆ!"

ಎರಡು ವಾರದ ಕೊನೆಗೆ ಅವನ ಸ್ವಂತದ್ದು ಏಳೇ ಹಲ್ಲು ಉಳಿದಿದ್ದವು. ಅಂದು ಬೆಳಗ್ಗೆ ಆರು ವರ್ಷದ ಮಗಳು ಓಡಿಬಂದಳು. "ಅಪ್ಪಾ, ಅಲ್ಲಾಡ್ತಿದ್ದ ಹಲ್ಲು ಬಿತ್ತು! ಆದ್ರೆ ಸಿಗ್ಲೇ ಇಲ್ಲ. ನುಂಗ್ಬಿಟ್ಟೆನಾ?"

ಅವನು ಶೆಡ್ಡಿಗೆ ಓಡಿದ. ಅಂದಿನ ಎರಡು ಹಲ್ಲುಗಳಲ್ಲಿ ಒಂದು ಅವನದಲ್ಲ. ಅಕ್ಕಿಕಾಳಿಗಿಂತ ತುಸು ದೊಡ್ಡದು, ಹಾಲುಬಿಳುಪು, ತುದಿಗೆ ಒಂದು ಹನಿ ರಕ್ತ.

ಅಲ್ಲಿಂದ ನೇರವಾಗಿ ಬೈಕು ಮಾರಿದ ಹೆಂಗಸಿನ ಮನೆಗೆ ಹೋದ. ಅವರು ಅವನನ್ನು ಒಳಗೆ ಕರೆಯಲಿಲ್ಲ. ಬಾಗಿಲಲ್ಲೇ ನಿಂತು ಅವನ ಕಥೆ ಕೇಳಿ ಹೇಳಿದರು. "ಸ್ನೇಹಿತ ಒಬ್ಬ ನಂಬಿ ರಿಪೇರಿಗೆ ಬಿಟ್ಟ ಬೈಕಿಂದ ನಮ್ಮೋರು ಒರಿಜಿನಲ್ ಎಲ್ಲ ಕಳಚಿ ಇದಕ್ಕೆ ಹಾಕಿಕೊಂಡ್ರು. ಅದಕ್ಕೆ ನಕಲಿ ತುಂಬಿ ವಾಪಸ್ ಕೊಟ್ರು. ನಿನಗೂ ಹಾಗೇ ಆಗ್ಲಿ ಅಂತ ಆ ಸ್ನೇಹಿತ ಮಾಟ ಮಾಡಿಸಿದ. ಸುಮ್ಮನಿದ್ದದ್ದನ್ನ ಈಗ ನೀವು ಎಬ್ಬಿಸಿದ್ರಿ. ನಿಮಗೆ ಹಲ್ಲು, ನಮ್ಮ ಯಜಮಾನ್ರಿಗೆ ಉಗುರು."

"ಮಗೂದು ಯಾಕಮ್ಮಾ? ಅವಳೇನು ಮಾಡಿದಾಳೆ?"

"ಮನೇವ್ರದೂ ಒರಿಜಿನಲ್ಲೇ ಅಲ್ವಾ." ಅವರು ಕಿರುಬೆರಳು ಮುಂದೆ ಚಾಚಿದರು. ಅದರ ತುದಿಯಲ್ಲಿ ಉಗುರಿನ ಆಕಾರದ ಕಪ್ಪು ರಬ್ಬರು, ನಡುವೆ ಅಚ್ಚಿನ ಗೆರೆ. "ನಂದು ಶುರುವಾದಾಗಲೇ ಅವರು ಹೆದರಿದ್ದು. ಇದು ನಿಲ್ಲಬೇಕಾದ್ರೆ ಬೈಕಿಗೆ ಒಂದು ನಕಲಿ ಭಾಗ ಸ್ವಂತ ಕೈಯಲ್ಲಿ ಮಾಡಬೇಕು. ಅದರೊಳಗೆ ತಮ್ಮ ಮೈಯ ಒರಿಜಿನಲ್ ಉಳಿದಷ್ಟೂ ಇಡಬೇಕು. ಅದೂ ಸ್ವಂತ ಕೈಯಲ್ಲೇ ಕಿತ್ತು. ಅವರು ಹಾಗೆ ಉಗುರು ಇಟ್ಟು ಮಾಡಿದ ಮುಚ್ಚಳಾನೇ ನೀವು..."

"ಜಜ್ಜಿಬಿಟ್ಟೆ."

"ಬೈಕ್ ಎಸೆದ್ರೂ ಅಷ್ಟೇ, ಸುಟ್ಟರೂ ಅಷ್ಟೇ," ಎಂದು ಅವರು ಬಾಗಿಲು ಹಾಕಿಕೊಂಡರು.

ಅಂದೇ ಮಧ್ಯಾಹ್ನ ಉಳಿದವರೆಲ್ಲ ಊಟಕ್ಕೆ ಹೋದಾಗ ಅವನು ಲ್ಯಾಬಿನ ಚಿಲಕ ಹಾಕಿದ. ಅಸಲಿ ಮುಚ್ಚಳದ ಅಚ್ಚು ತೆಗೆದಿದ್ದ. ನಮ್ಮಲ್ಲಿದ್ದ ವಸಡಿನ ಗುಲಾಬಿ ಹಿಟ್ಟನ್ನೇ ಕಲಸಿ ಅದರಲ್ಲಿ ಒತ್ತಿದ್ದ. ಹಿಟ್ಟು ಗಟ್ಟಿಯಾಗುವ ಮುಂಚೆ ಮುಗಿಸಬೇಕು. ನನ್ನ ಕೈಗೆ ಬೋಗುಣಿ ಕೊಟ್ಟ.

"ಡಾಕ್ಟ್ರ ಹತ್ರ ಹೋಗೋಣ, ಮರಗಟ್ಟಿಸಿ..."

"ಹಿಡ್ಕೋ."

ತಂತಿ ಬಗ್ಗಿಸುವ ಇಕ್ಕಳ ಬಾಯೊಳಗೆ ಹೋಯಿತು. ಕರಕ್ ಎಂದಿತು. ಮೊದಲನೆಯದು ಬಂತು. ಜೊಲ್ಲು ಬಂತು. ರಕ್ತ ಬಂತು. ಎರಡನೆಯದು ಜಾರಿತು, ಮತ್ತೆ ಹಿಡಿದ. ಬಂತು. ಮೂರು. ಅವನ ಮೂಗಿನಿಂದ ಹಂದಿಯಂಥ ಸದ್ದು. ಬೋಗುಣಿ ಬೆಚ್ಚಗಾಯಿತು. ನನ್ನ ಬೆರಳು ಅಂಟಂಟಾದವು. ನಾಲ್ಕು. ಐದು. ಆರನೆಯದು ತುಂಡಾಯಿತು. ಬೇರು ಒಳಗೇ ಉಳಿಯಿತು. ಅವನು ಬಿಡಲಿಲ್ಲ. ಅಗೆದ. ನಾನು ಕಣ್ಣು ಮುಚ್ಚಿದೆ. ಸದ್ದು ಮುಚ್ಚಲಾಗಲಿಲ್ಲ. ಅಗೆದ. ಬಂತು. ಅಷ್ಟನ್ನೂ ಗುಲಾಬಿ ಹಿಟ್ಟಿನಲ್ಲಿ ಹೆಬ್ಬೆರಳಿನಿಂದ ಒತ್ತಿದ. ನಾನು ಬೋಗುಣಿ ಕೆಳಗಿಟ್ಟು, ತೊಟ್ಟಿಯ ಹತ್ತಿರ ಹೋಗಿ ಕಾರಿಕೊಂಡೆ.

ಆ ಮುಚ್ಚಳವನ್ನು ಸಂಜೆಯೇ ಕೂರಿಸಿದೆವು. ಹೊರಗೆ ಬೈಕಿನದೇ ಹಸಿರು ಬಣ್ಣ ಬಳಿದಿದ್ದಾನೆ. ಒಳಗೆ, ಕತ್ತಲಲ್ಲಿ, ಗುಲಾಬಿ ವಸಡೊಂದು ಆರು ಹಲ್ಲು ಬಿಟ್ಟುಕೊಂಡು ಕೂತಿದೆ. ಟೂಲ್ ಬಾಕ್ಸಿನಲ್ಲಿ ಆಮೇಲೆ ಯಾವ ಹಲ್ಲೂ ಸಿಕ್ಕಿಲ್ಲ. ಬೈಕು ಪ್ರದರ್ಶನಗಳಿಗೆ ಅವನು ಹೋಗುವುದಿಲ್ಲ. ಯಾರಾದರೂ ಯಾವುದಾದರೂ ಭಾಗ ತಂದು ಅಸಲಿಯೋ ನಕಲಿಯೋ ಎಂದು ಕೇಳಿದರೆ ಕೈ ಜೇಬಿಗೆ ಹಾಕಿಕೊಳ್ಳುತ್ತಾನೆ.

ಮೂರು ತಿಂಗಳಾದ ಮೇಲೆ ಮಗಳನ್ನು ಲ್ಯಾಬಿಗೆ ಕರೆತಂದ. ಬಿದ್ದ ಹಲ್ಲಿನ ಜಾಗದಲ್ಲಿ ಹೊಸದೊಂದು ತುದಿ ಮೂಡಿತ್ತು.

"ನೀನು ನೋಡಿ ಹೇಳೋ. ನನ್ನ ಉಗುರಿನ ಮೇಲೆ ನನಗೀಗ ನಂಬಿಕೆ ಇಲ್ಲ."

"ಮಾಮ, ಕಚ್ಚಲಾ?" ಎಂದು ಅವಳು ಬಾಯಿ ಅಗಲಿಸಿದಳು.

ಬಡಿದೆ. ಇಣುಕಿದಷ್ಟೇ ಹಲ್ಲು, ಸದ್ದು ಸರಿಯಾಗಿ ತಿಳಿಯಲಿಲ್ಲ. ಗೆರೆ ಹುಡುಕುವಷ್ಟರಲ್ಲಿ ಅವಳು ಬಾಯಿ ಮುಚ್ಚಿ ಕಿಲಕಿಲ ನಕ್ಕಳು. ಅವನು ನನ್ನ ಮುಖವನ್ನೇ ನೋಡುತ್ತಿದ್ದ.

"ಒರಿಜಿನಲ್ಲು," ಅಂದೆ.

ಅವನು ಗೋಡೆಯ ಕಡೆ ತಿರುಗಿ ಅತ್ತ. ಇಬ್ಬರೂ ಹೋದ ಮೇಲೆ ನಾನು ಬೆರಳನ್ನು ಮೂಸಿದೆ. ಅದೇ ಘಾಟು, ವಸಡಿನ ಪುಡಿ ಕಲಸುವ ದ್ರವದ್ದು. ಆದರೆ ಹತ್ತೊಂಬತ್ತು ವರ್ಷದಿಂದ ನನ್ನ ಬೆರಳಿಗೆ ಬೇರೆ ವಾಸನೆಯೇ ಇಲ್ಲ. ಅದು ಮಗುವಿನ ಬಾಯಿಂದ ಬಂದದ್ದೋ, ನನ್ನದೇ ಕೈಯದೋ, ನನಗೆ ಗೊತ್ತಿಲ್ಲ.